ಖಾಲಿ ಹೊಟ್ಟೆಗೆ

ಬೆಳಗಿನ ಐದೂವರೆ. ಮೊದಲ ಬಾಕ್ಸು ಇಳಿಯುವ ಮುಂಚೆ
ನೀರಿನ ಜೊತೆ ಒಂದು, ಹಳದಿ, ಅವರೆಕಾಳಿನಷ್ಟು.
ಅಗಿಯಬಾರದು, ಒಡೆಯಬಾರದು,
ಆಮೇಲೆ ಅರ್ಧ ಗಂಟೆ ಕಾಫಿಯೂ ಇಲ್ಲ.
ಕೋಲಾರದ ಮಂಡಿಯಲ್ಲಿ ಹರಾಜು ಕೂಗುವವನಿಗೆ
ಹೀಗೆ ಹೇಳಿದರೆ ಹೇಗೆ?
ಅರ್ಧ ಗಂಟೆಯಲ್ಲಿ ನಾನು
ನಾನೂರು ಬಾಕ್ಸು ಮಾರಿರುತ್ತೇನೆ.

ಅಗಿಯಬಾರದು ಎಂಬುದೇನೂ ನನಗೆ ಹೊಸದಲ್ಲ.
ಐದು ವರ್ಷದವನಿದ್ದಾಗ ಅಮ್ಮ
'ಮುದ್ದೆ ಕಡೀಬಾರ್ದು ಕಣೋ, ನುಂಗು' ಎಂದು
ಬಸ್ಸಾರಿನಲ್ಲಿ ತುತ್ತು ಹೊರಳಿಸಿ ತೋರಿಸಿದ್ದಳು.
ನಲವತ್ತಾರು ವರ್ಷ ಜಾರಿದ ದಾರಿ ಅದು.
ಹೋದ ಉಗಾದಿಯ ಮಾರನೆಯ ದಿನ
ಒಂದು ತುತ್ತು ಎದೆಮೂಳೆಯ ಹಿಂದೆ ನಿಂತುಬಿಟ್ಟಿತು,
ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ,
ನರಸಾಪುರದ ಹತ್ತಿರ ಕೆಟ್ಟು ನಿಂತ ಲಾರಿಯ ಹಾಗೆ.

ಡಾಕ್ಟರಮ್ಮ ಕೊಳವೆ ಇಳಿಸಿ ನೋಡಿದರು.
ಪರದೆಯ ಮೇಲೆ ನನ್ನದೇ ಅನ್ನನಾಳ:
ಕೆಂಪು. ನಾನು ಮಾರುವ ಮಾಲಿನ ಬಣ್ಣವೇ,
ಎರಡನೇ ದರ್ಜೆಯದು, ಅಲ್ಲಲ್ಲಿ ಗೀರು ಬಿದ್ದದ್ದು.
ಬಾಕ್ಸಿಗೆ ನೂರಾ ಎಂಬತ್ತರ ಮೇಲೆ
ಕೂಗಲು ನನಗೇ ಬಾಯಿ ಬಾರದು.

'ಹುಳಿ ಬಿಡಿ' ಎಂದರು. 'ಮುಖ್ಯವಾಗಿ ಟೊಮೆಟೊ.'
ಹೊರಗೆ ಬೆಂಚಿನ ಮೇಲೆ ಕೂತು ನಕ್ಕೆ.
ನಕ್ಕರೂ ಉರಿಯಿತು.

ಇರ್ಷಾದನ ಮೆಡಿಕಲ್ಲಿನಲ್ಲಿ ಇನ್ನೊಂದು, ಗುಲಾಬಿ ಬಾಟಲಿ:
ಸುಣ್ಣ ತೆಳ್ಳಗೆ ಕಲೆಸಿದ ಹಾಗಿದೆ,
ಗಾಯದ ಮೇಲೆ ಸಾರಿಸಿಕೊಂಡು ಕೂತುಬಿಡುತ್ತದಂತೆ.
'ಎರಡನ್ನೂ ಒಟ್ಟಿಗೆ ತಗೋಬೇಡಿ ಯರ್ರಪ್ಪಣ್ಣ,
ಒಂದು ಇನ್ನೊಂದನ್ನ ಕೆಲಸ ಮಾಡೋಕೆ ಬಿಡಲ್ಲ.'
ಗೊತ್ತಪ್ಪ. ನಾನೂ ಪಾಲುದಾರಿಕೆ ಮಾಡಿದವನೇ.

ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಎನ್ನುತ್ತಿದ್ದರು ಹಿರಿಯರು.
ಇದೆ. ಹತ್ತರ ಶೀಟು, ಎಂಟು ವಾರ.
ಎದುರು ಮಂಡಿಯ ಚೌಡರೆಡ್ಡಿಗೂ
ಒಂದು ಶೀಟು ಕೊಡಿಸಬೇಕು.

ಮಂಚದ ತಲೆಗಾಲಿಗೆ ಎರಡೆರಡು ಇಟ್ಟಿಗೆ,
ರಾತ್ರಿ ಹುಳಿ ಮೇಲಕ್ಕೆ ಹತ್ತದಿರಲೆಂದು.
ಹುಳಿ ಹತ್ತುವುದಿಲ್ಲ; ಮುನಿಲಕ್ಷ್ಮಿ ಮಾತ್ರ
ನಿದ್ದೆಯಲ್ಲೇ ಕಾಲಕಡೆಗೆ ಜಾರುತ್ತಾಳೆ,
ಎದ್ದು ನನ್ನ ಗಂಟಲಿಗೆ ಬೈದು
ದಿಂಬು ಎಳೆದುಕೊಂಡು ಮತ್ತೆ ಮೇಲೆ ಬರುತ್ತಾಳೆ.

ಐದನೇ ವಾರ. ಇವತ್ತು ಹೆಸರುಬೇಳೆ ಸಾರು,
ಹುಣಸೆ ಇಲ್ಲ, ಟೊಮೆಟೊ ಇಲ್ಲ, ಸಪ್ಪೆ.
ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಮುದ್ದೆ.
ಚೂರು ಮುರಿದೆ. ಬೆರಳಲ್ಲಿ ಮಂಡಿಯ ವಾಸನೆ,
ಎಷ್ಟು ತೊಳೆದರೂ ಹೋಗದ ಹಸಿರು ಹುಳಿ.
ನುಂಗಿ, ಕಣ್ಣು ಮುಚ್ಚಿ ಕಿವಿಗೊಟ್ಟೆ,
ಬಾವಿಗೆ ಬಿಟ್ಟ ಕೊಡ ನೀರು ಮುಟ್ಟುವ
ಸದ್ದಿಗೆ ಕಾಯುವವನ ಹಾಗೆ.

'ಇಳೀತಾ?' ಎಂದಳು.

ತಡಿ ಎಂದು ಎಡಗೈ ಎತ್ತಿದೆ.
ಒಂದ್ಸಾರಿ.
ಎರಡ್ಸಾರಿ.