ತಡ್ಪೆಯಷ್ಟು ಜಾಗ

ಯಶವಂತಿ ಎರಡು ಫೋಟೋ ತಂದಳು.
ಸೋಮವಾರ, ಸೆಖೆ, ಕರೆಂಟು ಆಗಷ್ಟೇ ಬಂದಿತ್ತು.
ಒಂದು ಅವಳಮ್ಮನ ಬೀಡಿ ಕಾರ್ಡಿನದು,
ಎಡಭುಜದ ಮೇಲೆ ಕಂಪನಿಯ ನೇರಳೆ ಮೊಹರು,
ಅರ್ಧ ಮಾತ್ರ, ಉಳಿದರ್ಧ ಕಾರ್ಡಿನಲ್ಲೇ ಉಳಿದಿದೆ.
ಇನ್ನೊಂದು ಜೆಪ್ಪುವಿನ ಹಂಚಿನ ಕಾರ್ಖಾನೆಯದು:
ಚಿಮಣಿಯ ಬುಡದಲ್ಲಿ ನಲವತ್ತೊಂದು ಗಂಡಸರು,
ಮೂರನೆಯ ಸಾಲು, ಬಲದಿಂದ ಐದನೆಯವ ಅಪ್ಪ.

"ಇಬ್ಬರನ್ನು ಒಟ್ಟಿಗೆ ಮಾಡ್ಲಿಕ್ಕೆ ಆಗ್ತದಾ?
ಮದುವೆಯದ್ದು ಒಂದೂ ಇಲ್ಲ ಮಾರಾಯ್ರೆ.
ಫೋಟೋದವ ಬಂದಿದ್ದನಂತೆ, ರೀಲು ಇರಲಿಲ್ಲವಂತೆ,
ಸುಮ್ಮನೆ ಫ್ಲ್ಯಾಶು ಹೊಡೆದು, ಉಂಡು ಹೋದನಂತೆ."

ಆಗ್ತದೆ ಎಂದೆ.
ಮೋರ್ಗನ್ಸ್ ಗೇಟಿನ ಈ ಅಂಗಡಿಯಲ್ಲಿ ಕೂತು
ಬನಿಯನ್ನಿನಲ್ಲಿ ಬಂದವರಿಗೆ ಕೋಟು ತೊಡಿಸಿದ್ದೇನೆ,
ಮದುಮಗಳ ಹಿಂದೆ ಹಿಮ ಸುರಿಸಿದ್ದೇನೆ.

ಅಡಿಯಲ್ಲಿ ಅಮ್ಮನ ಪದರ.
ಸೆರಗಿನ ಹೂಗಳನ್ನು ಪಕ್ಕದಿಂದ ಕಡ ತಂದು
ಮೊಹರು ಮುಚ್ಚಿದೆ.
ಮೇಲೆ ಅಪ್ಪನ ಪದರ. ಅವನು ಬೇಗ ಬರಲಿಲ್ಲ.
ಒಂದೊಂದೇ ಕೂದಲು ಬಿಡಿಸಬೇಕು,
ಕಿವಿರು ಸಿಕ್ಕಿಕೊಂಡ ಬೂತಾಯಿಯನ್ನು ಬಲೆಯಿಂದ ಬಿಡಿಸಿದ ಹಾಗೆ.
ಸಾಲದ್ದಕ್ಕೆ ಅವನ ಹೆಗಲ ಮೇಲೆ
ಹಿಂದಿನ ಸಾಲಿನಿಂದ ಯಾರದೋ ಕೈ.
ನಾಲ್ಕು ಬೆರಳು. ಉಗುರಲ್ಲಿ ಜೇಡಿಮಣ್ಣು.

ಬೆಳಕೂ ಹೊಂದಲಿಲ್ಲ.
ಅವನಿಗೆ ಬಲಗಡೆಯ ಬಿಸಿಲು, ಕಣ್ಣು ಕಿರಿದು;
ಅವಳಿಗೆ ಎದುರಿನ ಫ್ಲ್ಯಾಶು, ಬೆಚ್ಚಿದ ಕಣ್ಣು.
ಅವನಿಗೆ ಇಪ್ಪತ್ತೇಳು, ಅವಳಿಗೆ ಐವತ್ತು,
ಪಕ್ಕ ಪಕ್ಕ ಇಟ್ಟರೆ ತಾಯಿ ಮಗ.
ಅವನ ಕಿವಿಯ ಮೇಲೆ ಸ್ವಲ್ಪ ಬಿಳಿ ಬಳಿದು ನೋಡಿದೆ.
ನಾಚಿಕೆಯಾಯಿತು, ತೆಗೆದೆ.
ನರೆಯುವಷ್ಟು ದಿನ ಅವನು ಇರಲಿಲ್ಲವಲ್ಲ.

ಕೈಯನ್ನೂ ತೆಗೆದೆ.
ಅದರ ಅಡಿಯಲ್ಲಿ ಅಂಗಿ ಇರಲಿಲ್ಲ, ಹೆಗಲಿರಲಿಲ್ಲ,
ಬೂದು ಬಿಳಿ ಚೌಕಗಳ ಖಾಲಿ.
ಇನ್ನೊಂದು ಹೆಗಲನ್ನು ಮಗುಚಿ ತಂದು ತುಂಬಿಸಿದೆ.

ಗುರುವಾರ ಮಗಳ ಜೊತೆ ಸೇಸಮ್ಮನೇ ಬಂದರು.
ಸ್ಕ್ರೀನಿಗೆ ಮೂಗು ತಾಗುವಷ್ಟು ಬಗ್ಗಿ
ತುಂಬ ಹೊತ್ತು ನೋಡಿದರು.
ಅತ್ತಾರೆಂದು ನೀರಿನ ಬಾಟಲಿ ಹತ್ತಿರ ಸರಿಸಿದೆ.

"ಇಷ್ಟು ಹತ್ತಿರ ನಾವು ಕೂತದ್ದೇ ಇಲ್ಲ," ಎಂದರು.
"ನಡುವಿನಲ್ಲಿ ತಡ್ಪೆ ಇರ್ತಿತ್ತು,
ಎಲೆ, ಹೊಗೆಸೊಪ್ಪು, ಕತ್ತರಿ.
ನಾನು ಸುರುಟುವುದು, ಅವರು ನೂಲು ಕಟ್ಟುವುದು.
ಮಾತು ಕಮ್ಮಿ. ಸ್ವಲ್ಪ ಆಚೆ ಮಾಡಿ."

ಬಾಣದ ಕೀಲಿ ಒತ್ತಿದೆ.
"ಇನ್ನೂ."
ಒತ್ತಿದೆ.
"ಇನ್ನೂ. ಹಾಂ, ಅಷ್ಟು."
ಒಂದು ಮೊರ ಹಿಡಿಯುವಷ್ಟು ಜಾಗ.
ಅದರೊಳಗಿಂದ ಹಿಂದಿನ ಚಿಮಣಿ ಇಣುಕಿತು.

"ಇದ್ದಿನಬ್ಬನ ಕೈ ಎಲ್ಲಿ ಹೋಯ್ತು?"

ನಾನು ಯಶವಂತಿಯ ಮುಖ ನೋಡಿದೆ, ಅವಳು ಫ್ಯಾನು ನೋಡಿದಳು.

"ಸಂಬಳದ ದಿನ ಇವರು ಗಡಂಗಿಗೆ ತಿರುಗುವ ಮೊದಲೇ
ಜೇಬಿಗೆ ಹೋಗ್ತಿದ್ದದ್ದು ಆ ಕೈ.
ಅರ್ಧ ತೆಗೆದು, ಅಂಗಳದಲ್ಲೇ ನಿಂತು
ನನಗೆ ಕೊಟ್ಟು ಹೋಗ್ತಿತ್ತು. ನೀರು ಸಹ ಕುಡೀತಿರ್ಲಿಲ್ಲ."

ಪುಣ್ಯಕ್ಕೆ ಅಳಿಸಿರಲಿಲ್ಲ.
ಪದರದ ಪಕ್ಕದ ಪುಟ್ಟ ಕಣ್ಣು ಮುಚ್ಚಿದ್ದೆ, ಅಷ್ಟೆ.
ತೆರೆದೆ.
ನಾಲ್ಕು ಬೆರಳು ಬಂದು ಹೆಗಲ ಮೇಲೆ ಕೂತವು.
ಅವುಗಳ ಹಿಂದೆ ಮನುಷ್ಯನಿಲ್ಲ, ಚಿಮಣಿ ಮಾತ್ರ.

"ನೆಂಟರು ಕೇಳ್ತಾರಮ್ಮ, ಯಾರದ್ದು ಅಂತ."
"ಕೇಳ್ಲಿ. ಹೇಳುವ."

ಪ್ರಿಂಟಿಗೆ ಕೊಡುವ ಮೊದಲು ಯಾಕೋ ಕೇಳಿದೆ,
ಮೊಹರೂ ಇದೆ ಸೇಸಮ್ಮ, ಅದನ್ನೂ ತೆರೆಯಲಾ?

ಎಡಭುಜವನ್ನು ಸೆರಗಿನಿಂದ ಒಮ್ಮೆ ಒರೆಸಿಕೊಂಡರು,
ಸ್ಕ್ರೀನಿನದ್ದಲ್ಲ, ತಮ್ಮದೇ.
"ಅದು ಬೇಡ. ಅವರದ್ದು ಸಾಕು."