ತಿದ್ದೋಲೆ

ದನಿಗಿಂತ ಮೊದಲು ನನಗ ಹಾಳಿ ಗೊತ್ತು.
ತಿಂಗಳ ಕಡೀ ವಾರ, ಬೆಟಗೇರಿ ರೇಲ್ವೆ ಗೇಟಿನಾಚೆ
ಮೇರವಾಡೆಯವರ ಪ್ರೆಸ್ಸಿಗೆ
ಹಸೀ ಮಸಿ ವಾಸನಿ ಹೊತ್ತು ಬರತಿತ್ತು ‘ಮೊನ್ನೆ ಮೊನ್ನೆ’,
ಒಂದೊಂದು ಫಾರ್ಮು ಹಸುಗೂಸಿನ ಕೌದಿಯಷ್ಟಗಲ.

ಮಡಿಸೂತನಕ ಚರಿತ್ರಿಗೆ ವರಸಿ ಇಲ್ಲ ನೋಡ್ರಿ.
ಒಂದನೇ ಪುಟದ ಮಗ್ಗಲಿಗೆ ಹದಿನಾರು,
ಅದರ ನೆತ್ತಿ ಮ್ಯಾಲೆ ತಲೆಕೆಳಗಾಗಿ ಒಂಬತ್ತು.
ಪಟ್ಟ ಕಟ್ಟಿಸಿಕೊಳ್ಳೋ ಅರಸ,
ಬಾಜೂಕಽ ಅವನ ವೀರಗಲ್ಲು.
ಮೂರು ಮಡಿಕಿ ಹಾಕಿ ಎಲುಬಿನ ಪಟ್ಟಿಲೆ ತಿಕ್ಕಿದರ
ಎಲ್ಲಾರೂ ತಮ್ಮ ತಮ್ಮ ಪಾಳಿಗೆ ಬಂದು ನಿಲ್ಲತಾರ.

ಆರನೇತ್ತಾಗ ಸಾಲಿ ಬಿಟ್ಟ ಫಕೀರವ್ವ ನಾನು.
ಮಡಿಸಾಕ ಓದು ಬೇಕಿಲ್ಲ, ಪುಟದ ನಂಬರು ಸಾಕು.
ಆದರ ಕಣ್ಣು ಕೈಯಷ್ಟು ನಿಯತ್ತಿನ ಆಳಲ್ಲ,
ಕದೀತೈತಿ.
ಒಂದಽ ಮಗ್ಗಲು ಅಚ್ಚಾದ ರದ್ದಿ ಹಾಳಿ
ರೊಟ್ಟಿಬುಟ್ಟಿಗೆ ಹಾಸಾಕ ಒಯ್ದಿದ್ದೆ.
ಹದಿಮೂರನೇ ಪುಟ, ಕಡೀ ಸಾಲು:
‘ಲಕ್ಕುಂಡಿ ಹಾದಿಯಲ್ಲಿ ಬಾವಿ ತೋಡಿಸಿದ ನಾಗಿಯಕ್ಕ
ಒಂದು ಮುಂಜಾನೆ ಹಗ್ಗ ಹಿಡಿದು’
ಹೊಳ್ಳಿಸಿ ನೋಡಿದರ ಬರೇ ಬಿಳೀದು.
ಪ್ಲೇಟು ಬರೂದು ತಡಾ ಆತು.
ಹಗ್ಗ ಹಿಡಕೊಂಡು ನಾಕು ದಿವಸ ಆಕಿ
ನನ್ನ ರೊಟ್ಟಿ ಕೆಳಗ ನಿಂತಳು.

ಮಷಿನ್ ನಡಸೋ ರಾಜೇಸಾಬನ ಮಗಳು ತಸ್ಲೀಮಾ
ಅಪ್ಪನ ಬುತ್ತಿ ತಂದಾಕಿ
ತನ್ನ ಕಿವ್ಯಾಗಿನ ವಾಯರು ಒಂದು ನನ್ನ ಕಿವಿಗಿಟ್ಟಳು.
‘ನೀವು ಮಡಸೂದು ಇದನ್ನಽ ಅಲ್ಲೇನ್ರಿ ಅತ್ತಿ?
ಮೊದಲು ಮಾತಾಡತಾರ, ಆಮ್ಯಾಲೆ ಅಚ್ಚು ಹಾಕಸತಾರ.
ಬಸ್ಸಿನ್ಯಾಗೆಲ್ಲಾ ಇದನ್ನಽ ಕೇಳತಾರ.’
ಒಂದು ಗಂಡು, ಒಂದು ಹೆಣ್ಣು, ಧಾರವಾಡದ ನಾಲಿಗಿ.
ನಡುನಡುವ ಕಪ್ಪು ಬಸಿ ಸಪ್ಪಳ.
ಒಂಬೈನೂರು ವರ್ಷಕ್ಕ ಮೊನ್ನೆ ಅಂತಾರಲ್ಲ ಇವರು!
ನಮ್ಮನ್ಯಾಗ ಮಾವ ತೀರಿದ್ದು ಯಾವ ಶ್ರಾವಣ ಅಂತ
ತಕರಾರು ಇನ್ನಾ ಮುಗಿದಿಲ್ಲ.

ಆಮ್ಯಾಲೆ ಆ ಹೆಣ್ಣು ದನಿ ಒಂದೀಟು ಸಣ್ಣದಾತು:
‘ಹಗ್ಗ ಹಿಡಿದು ನಾಗಿಯಕ್ಕ ಆಳ ಅಳೆದಳು.
ತಳದಾಗ ಕಲ್ಲು, ಬರೇ ಕಲ್ಲು.
ಹನ್ನೊಂದುನೂರಾ ಹನ್ನೆರಡರಾಗ ಆಕಿ ಹೋದಳು.
ಸೆಲಿ ಒಡೆದದ್ದು ಮೂರು ವರ್ಷದ ಮ್ಯಾಲೆ.’
ಬುತ್ತಿ ಆರಿತ್ತು. ರಾಜೇಸಾಬ ಬೈದ, ತಸ್ಲೀಮಾ ವಾಯರು ಸುತ್ತಿದಳು.

ನಾಕನೇ ದಿವಸ ಎರಡನೇ ಮಗ್ಗಲು ಅಚ್ಚಾಗಿ ಬಂತು.
ಹದಿನಾಲ್ಕನೇ ಪುಟ. ಇಸವಿ ೧೧೨೧.
ಕಿವ್ಯಾಗ ಹನ್ನೆರಡು, ಕೈಯಾಗ ಇಪ್ಪತ್ತೊಂದು.
ಮಾಲಕರಿಗೆ ತೋರಿಸಿದೆ. ‘ನಿನಗ್ಯಾಕವ್ವ?’ ಅಂದರು,
ಅಂದುಕೋತನಽ ಧಾರವಾಡಕ್ಕ ಫೋನು ಹಚ್ಚಿದರು.
ಆಚಿಂದ ಅದಽ ಹೆಣ್ಣು ದನಿ, ಕಪ್ಪು ಬಸಿ ಇಲ್ಲದ್ದು:
‘ಅಯ್ಯ, ಅಂಕಿ ಹಿಂದ ಮುಂದ ಆಗ್ಯಾವ. ಯಾರು ಹಿಡದರು?’
ಮಾಲಕರು ಅಂದರು, ‘ನಮ್ಮ ಬೈಂಡಿಂಗಿನಾಕಿ.’

ಎರಡು ಬೆರಳಗಲದ ಚೀಟಿ ಅಚ್ಚಾದವು,
‘೧೧೨೧ ಎಂಬುದನ್ನು ೧೧೧೨ ಎಂದು ಓದಿಕೊಳ್ಳಬೇಕು.’
ಒಂಬೈನೂರು ಪ್ರತಿ, ಒಂದು ಡಬರಿ ಮೈದಾ ಅಂಟು.
ಒಂದೊಂದು ಚೀಟಿ ಹಚ್ಚಿ ಹೆಬ್ಬೆರಳಿಲೆ ಒತ್ತಿದಾಗೊಮ್ಮೆ
ನೀರು ಕಾಣದಽ ಸತ್ತಳು ಆಕಿ.
ಸಂಜೀತನಕ ಸತ್ತಳು.
ಎಂಟುನೂರಾ ತೊಂಬತ್ತೊಂಬತ್ತು.

ಒಂದು ಪ್ರತಿಗೆ ಹಚ್ಚಲಿಲ್ಲ.
ಮನೀಗೆ ತಂದೆ, ರೊಕ್ಕಾ ಕೊಟ್ಟಽ ತಂದೆ.
ಅದರಾಗ ನಾಗಿಯಕ್ಕ ಒಂಬತ್ತು ವರ್ಷ ಜಾಸ್ತಿ ಇದ್ದಾಳ,
ಆರು ಬ್ಯಾಸಗಿ ತನ್ನ ಬಾವಿ ನೀರು ಕುಡಿದಾಳ.
ಖರೇ ಅಲ್ಲ, ಗೊತ್ತೈತಿ.
ಖರೇದು ಹಚ್ಚಿದ ಅಂಟು
ಇನ್ನಾ ಉಗುರಿನ ಸಂದ್ಯಾಗ ಐತಿ.

ಮುಂದಿನ ಕಂತು ಸೋಮವಾರ ಅಂತ.
ತಸ್ಲೀಮಾಗ ಹೇಳೀನಿ, ಬುತ್ತಿ ಲಗೂನ ತಾ.