ಎಲ್ ಆಲ್ಟೊದಲ್ಲಿ ಪಂಪಿನವನು ಹೇಳಿದ್ದು

ದೋನ್ಯಾ ನಿಯೆವೆಸ್, ಮೊದಲು ಗಾಜಿನ ಮಾತು ಬಿಡಿ.
ಗಾಜು ಯಾರು ಬೇಕಾದರೂ ತಂದಾರು.
ಎರಡು ಸಾವಿರ ಲೀಟರು ಸುಮ್ಮನೆ ನಿಂತರೆ
ಮೂರನೆಯ ದಿನಕ್ಕೆ ನಾತ.
ನಾನು ಬಂದದ್ದು ನೀರು ಸುತ್ತುವ ಮಾತಿಗೆ.

ನಿಮ್ಮ ಮದುವೆ ಹಾಲ್ ಚೆನ್ನಾಗಿದೆ. ಕಿತ್ತಳೆ ಕಂಬ, ಹಸಿರು ಚಾವಣಿ,
ಹರಳಿನ ತೂಗುದೀಪ ಹನ್ನೊಂದು, ಎಣಿಸಿದೆ.
ಕುಣಿಯುವವರು ಮುನ್ನೂರು, ಊದುವವರು ಇಪ್ಪತ್ತು,
ಮೇಲೆ ಎರಡು ದೊಡ್ಡ ಡೋಲು.
ಡೋಲಿಗೆ ಮೀನು ಹೆದರುತ್ತದೆಯೇ ಎಂದಿರಿ.
ಹೆದರುತ್ತದೆ, ಒಂದು ವಾರ.
ಆಮೇಲೆ ನಿಮ್ಮ ಯಜಮಾನರ ಹಾಗೆ ಒಗ್ಗಿಹೋಗುತ್ತದೆ.

ಕಷ್ಟ ಇರುವುದು ಗಾಳಿಯಲ್ಲಿ.
ಕೆಳಗೆ ಅರೀಕಾದಲ್ಲಿ ನೀರಿಗೆ ದಕ್ಕುವ ಉಸಿರು
ಇಲ್ಲಿ ಮೂರರಲ್ಲಿ ಎರಡು ಪಾಲೂ ಇಲ್ಲ.
ಕರಾವಳಿಯವರು ಬಸ್ಸಿಳಿದು ಗೋಡೆ ಹಿಡಿದು ನಿಲ್ಲುತ್ತಾರಲ್ಲ,
ಮೀನೂ ಹಾಗೆಯೇ. ಅದಕ್ಕೆ ಕೋಕಾ ಎಲೆ ಜಗಿಸಲಾಗದು.
ಅದಕ್ಕೇ ನೊರೆ ಎತ್ತುವ ಸ್ಕಿಮ್ಮರ್ ಕೊಳ್ಳುವಾಗ
ಡಬ್ಬದ ಮೇಲಿನ ಅಳತೆ ನಂಬಬೇಡಿ,
ಅದು ಸಮುದ್ರಮಟ್ಟದವರ ಲೆಕ್ಕ.
ನಮಗೆ ಎರಡು ಪಟ್ಟು ಬೇಕು: ಅಗಲ ಹೊಟ್ಟೆ, ಉದ್ದ ಕತ್ತು.
ಒಲೆ ಮೇಲಿನ ಹಾಲಿನ ಹಾಗೆ ನೊರೆ ಏರಬೇಕು,
ಬಟ್ಟಲಲ್ಲಿ ಕಂದು ಕೊಳೆ ಕೂಡಬೇಕು.
ವಾಸನೆ ಬರುತ್ತದೆ. ಬರದಿದ್ದರೆ ನನಗೆ ಫೋನ್ ಮಾಡಿ.

ಸಂಪು ಕೆಳಗಿನ ಅಂಗಡಿಯಲ್ಲಿರಲಿ ಅಂತೀರಿ.
ಐದು ಮೀಟರು ನೀರೆತ್ತುವುದು
ಆಲೂಗಡ್ಡೆ ಮೂಟೆ ಹೊತ್ತು ಮೆಟ್ಟಿಲೇರಿದಂತೆ;
ದಾರಿಯ ಪ್ರತಿ ಮೊಣಕೈ ಪೈಪೂ ಸುಂಕ ಕೀಳುತ್ತದೆ.
ತೊಟ್ಟಿಯ ಬುಡದಲ್ಲೇ ಇಟ್ಟು ಮರದ ಬಾಗಿಲು ಹಾಕೋಣ.
ಗಂಟೆಗೆ ಐದು ಸಲ ನೀರು ಇಳಿದು ಹತ್ತಿದರೆ ಸಾಕು.
ಒಂದು ದೊಡ್ಡ ಪಂಪು ಬೇಡ, ಎರಡು ಚಿಕ್ಕದು.
ಒಂದು ಸತ್ತ ರಾತ್ರಿ ಇನ್ನೊಂದು ಜಾಗರಣೆ ಮಾಡುತ್ತದೆ.
ದುಡ್ಡು ಹೆಚ್ಚಲ್ಲವೇ, ಅಂದಳು ನಿಮ್ಮ ತಂಗಿ ಬೆನೀತಾ.
ಹೆಚ್ಚು. ಸತ್ತ ಮೀನಿಗೂ ದುಡ್ಡು ಕೊಟ್ಟಿರುತ್ತೀರಿ.

ಇನ್ನು ಅಲೆ.
ತೀಕೀನಾದಲ್ಲಿ ಒಂದು ವರ್ಷ ನಾನು ನೌಕಾದಳದವನು,
ಬಿಳಿ ಟೊಪ್ಪಿ, ಸರೋವರದ ಮೇಲೆ ಗಸ್ತು.
ಕಡಲಲೆಯ ಪಾಠ ಕರಿಹಲಗೆಯ ಮೇಲೆ ಕಲಿತೆವು.
ಮಾರ್ಚ್ ತಿಂಗಳ ಕಡಲ ದಿನಕ್ಕೆ ಕವಾಯತು, ಕಹಳೆ;
ಅತ್ತವರಿದ್ದರು, ಕಡಲು ಕಂಡವರಿರಲಿಲ್ಲ.
ಮೂವತ್ತೆರಡಕ್ಕೆ, ಪಂಪು ತರಲೆಂದು ಅರೀಕಾಕ್ಕೆ ಹೋದೆ.
ಸುಂಕದ ಕಾಗದಕ್ಕೆ ಸಹಿ ಬೀಳುವ ತನಕ
ನಾಲ್ಕು ಗಂಟೆ ಬಂಡೆಯ ಮೇಲೆ ಕೂತೆ.
ಒಂದಲೆ ಎಡದಿಂದ ನುಗ್ಗಿತು,
ಒಂದು ಅರ್ಧದಲ್ಲೇ ಮನಸ್ಸು ಬದಲಿಸಿತು,
ಒಂದು ಬಂಡೆಯ ಪಾಚಿಗಡ್ಡ ನೇವರಿಸಿ ಹಿಂದೆ ಸರಿಯಿತು.
ಸಹಿ ಆಗಿದೆ ಎಂದು ಕೂಗಿದರು. ಎರಡು ಸಲ ಕೂಗಿದರಂತೆ.

ಅದಕ್ಕೇ ಅಲೆಯ ಯಂತ್ರ ಎರಡು, ಎದುರುಬದುರು,
ಒಂದಕ್ಕೊಂದು ತಾಳ ಕೂಡದ ಹಾಗೆ.
ಒಂದೇ ಕಡೆಯಿಂದ ನೀರು ಬಡಿದರೆ ಹವಳದ ಚರ್ಮ ಸುಲಿಯುತ್ತದೆ,
ಬಡಿಯದೇ ಇದ್ದರೆ ಕಸ ಕೂತು ಉಸಿರುಕಟ್ಟುತ್ತದೆ.

ಉಪ್ಪಿಗೆ ಉಯೂನಿ ಇದೆಯಲ್ಲ, ಅಂದರು ನಿಮ್ಮ ಮಾವ,
ಲಾರಿಗಟ್ಟಲೆ, ಹೆಚ್ಚುಕಮ್ಮಿ ಪುಕ್ಕಟೆ.
ಇದೆ, ತಾತಾ. ಅದು ಸಾರಿನ ಉಪ್ಪು.
ಕಡಲಲ್ಲಿ ಸುಣ್ಣವಿದೆ, ನನಗೆ ಹೆಸರು ಬಾರದ ಎಷ್ಟೋ ಇವೆ,
ಅಳೆದು ಬೆರೆಸಿ, ಬಕೀಟಿನಲ್ಲಿ, ಬಂದರಿನಿಂದ ಬರುತ್ತದೆ.
ಅವರು ನಕ್ಕರು: ನಮ್ಮ ಕಡಲನ್ನೇ ಪುಡಿ ಮಾಡಿ
ನಮಗೇ ಮಾರುತ್ತಾರೆ ನೋಡು.
ನಾನು ಪಟ್ಟಿ ಬರೆಯುತ್ತಿದ್ದೆ, ತಲೆಯೆತ್ತಲಿಲ್ಲ.

ಕರೆಂಟು ಹೋದರೆ ಬ್ಯಾಟರಿ, ಅದು ಪಟ್ಟಿಯಲ್ಲಿದೆ.
ಇಲ್ಲದ್ದು ಒಂದು ಹೇಳುತ್ತೇನೆ.
ಮೊದಲ ತಿಂಗಳು ಮೀನು ಬಿಡಬೇಡಿ.
ಬರಿ ಕಲ್ಲು, ಬರಿ ಉಪ್ಪುನೀರು, ಪಂಪುಗಳ ಗುಂಯ್.
ಮದುವೆಗೆ ಬಂದವರು ಗಾಜಿಗೆ ಮೂಗು ಒತ್ತಿ
ಒಳಗೆ ಏನೂ ಇಲ್ಲವಲ್ಲ ಎನ್ನುತ್ತಾರೆ. ಎನ್ನಲಿ.
ಆ ತಿಂಗಳು ದಿನಾ ಸಂಜೆ ನಾನು ಬಂದು ನೋಡುತ್ತೇನೆ.
ಅದಕ್ಕೆ ದುಡ್ಡು ಬೇಡ.
ಒಂದು ಕುರ್ಚಿ ಹಾಕಿಸಿ.